ಒಣ ಟವೆಲ್ಲು

ಮುಚ್ಚಳ ತೆಗೆದರೆ ಸಾಕು, ಗಗನಚುಕ್ಕಿಯ ತುಂತುರು ಕ್ಯಾಮೆರಾದ ಲೆನ್ಸಿನ ಮೇಲೆ ಹನಿಗಟ್ಟುತ್ತಿತ್ತು. ಮಳವಳ್ಳಿಯ ಸ್ಟುಡಿಯೋದಿಂದ ಪೊಲೀಸರು ಕರೆಸಿದ್ದ ಮಹದೇವು ಜಲಪಾತಕ್ಕೆ ಬೆನ್ನು ಕೊಟ್ಟು ಒರೆಸಿಕೊಂಡ. ಬಂಡೆಯ ಮೇಲೆ ಮಲಗಿಸಿದ್ದ ಹುಡುಗನ ಹೆಣದತ್ತ ತಿರುಗುವಷ್ಟರಲ್ಲಿ ಮತ್ತೆ ಮಸುಕು. ಒರೆಸಲು ತಂದಿದ್ದ ಬಟ್ಟೆಯೂ ತೊಯ್ದು ತೊಪ್ಪೆಯಾಗಿತ್ತು.

"ಮುಖ ಕಾಣ್ಬೇಕು ಕಣಯ್ಯ, ಬೇಗ ತೆಗಿ," ಪೇದೆ ಗದರಿದ.

ಹುಡುಗನ ತಾಯಿ ಚಲುವಮ್ಮ ಕೈಚೀಲದಿಂದ ಮಡಿಕೆ ಬಿಚ್ಚದ ಟವೆಲ್ಲೊಂದನ್ನು ತೆಗೆದು ಚಾಚಿದಳು. ಮಹದೇವು ಅದರಲ್ಲೇ ಲೆನ್ಸು ಒರೆಸಿ, ಅದನ್ನೇ ಕ್ಯಾಮೆರಾಕ್ಕೆ ಹೊದಿಸಿ, ಬೇಕಾದಷ್ಟು ಫೋಟೊ ತೆಗೆದ. ಆಮೇಲೆ ಟವೆಲ್ಲನ್ನು ಹಿಂಡತೊಡಗಿದ.

"ಪೂರಾ ನೆಂದೋಯ್ತೇನಪ್ಪ?" ಎಂದಳು ಚಲುವಮ್ಮ. "ನೀರಿಗೆ ಬಿದ್ದವ್ನೆ ಅಂತ ಮಾತ್ರ ಏಳಿದ್ರು. ತಲೆ ಒರ್ಸಕ್ಕೆ ಅಂತ ತಂದಿದ್ದೆ."