ಸಾಹೇಬರು ಕೂತ ಕುರ್ಚಿ

ಕಲ್ಲು ಒಡೆದು ಬದುಕುವ ನಮ್ಮ ಓಣಿಗೆ ಸರ್ಕಾರಿ ಮನೆ ಕೊಡುವ ಮೊದಲು ನಮ್ಮ ಬಡತನ ಅಳೆಯಬೇಕೆಂದು ಒಬ್ಬ ಸಾಹೇಬರು ಬಂದರು. ನನ್ನ ನೆನಪಿನಲ್ಲಿ ಇದು ನಾಲ್ಕನೆಯ ಅಳತೆ. ಇವರು ಅರ್ಥಶಾಸ್ತ್ರ ಓದಿದವರಂತೆ. ಅಂಥವರನ್ನು ನೆಲದ ಮೇಲೆ ಕೂರಿಸುವುದು ಹೇಗೆ? ಇಡೀ ಓಣಿಗೆ ಇದ್ದದ್ದು ಹುಲಿಗೆವ್ವನ ಕೆಂಪು ಪ್ಲಾಸ್ಟಿಕ್ ಕುರ್ಚಿ ಒಂದೇ.

ಸಾಹೇಬರು ಒಂದು ಗುಡಿಸಲಿನಿಂದ ಹೊರಟು ಮುಂದಿನದಕ್ಕೆ ಬರುವಷ್ಟರಲ್ಲಿ ಅವಳು ಹಿತ್ತಲಿನಿಂದ ಓಡಿ ಕುರ್ಚಿ ಮುಟ್ಟಿಸುತ್ತಿದ್ದಳು.

"ಈ ವಯಸ್ಸಿನಾಗ ಯಾಕಬೇ ಈ ಓಡಾಟ?" ಎಂದೆ.

"ಸುಮ್ನಿರು ಕಾಕಾ. ಮಳಿಗಾಲಕ್ಕ ಸೊಸಿ ಹಡೀತಾಳ. ಸೋರೋ ತಾಡಪಾಲಿನ ಕೆಳಗ ಕೂಸು ಮಲಗಿಸ್ಲೇನು? ಸಾಹೇಬ್ರು ಖುಷಿಯಾದ್ರ ಮನಿ ಬರ್ತೈತಿ."

ಸಾಹೇಬರು ಖುಷಿಯಾದರು. ಮೂವತ್ತೇಳು ಗುಡಿಸಲಲ್ಲೂ ಕೂತು, ಕಾಗದದಿಂದ ತಲೆ ಎತ್ತದೆ ಬರೆದುಕೊಂಡರು. "ಇಷ್ಟು ಮರ್ಯಾದೆ ನನಗೆ ನಮ್ಮ ಕಚೇರಿಯಲ್ಲೂ ಸಿಕ್ಕಿಲ್ಲ" ಎಂದು ನಕ್ಕು ಜೀಪು ಹತ್ತಿದರು.

ಮಳೆ ಬಂತು, ಮೊಮ್ಮಗ ಬಂದ, ಮನೆ ಮಾತ್ರ ಬರಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹುಲಿಗೆವ್ವ ಕಚೇರಿಗೆ ಹೋದಳು. ಗುಮಾಸ್ತ ಸಾಹೇಬರ ವರದಿ ತೆಗೆದು ನೋಡಿದ.

"ಬಡವರ ಪಟ್ಟಿಯೊಳಗ ನಿಮ್ಮ ಓಣೀನ ಇಲ್ಲಬೇ, ಯವ್ವಾ."

"ಯಾಕ್ರೀ ಯಪ್ಪಾ? ನಾವೇನು ಸಾಹುಕಾರ್ರಾ?"

ಗುಮಾಸ್ತ ಬೆರಳಿಟ್ಟು ಓದಿದ: "ಮನೆ ಮೂವತ್ತೇಳು. ಕುರ್ಚಿ ಮೂವತ್ತೇಳು."