ಏಳನೆಯ ದೀಪ

"ಒಂದೇ ಮಾತು ನೆನಪಿಟ್ಕೊಳ್ಳಿ ಅತ್ತೆ. ದೀಪ ಜೋರಾದ್ರೆ ಜೋರಾಯ್ತು ಅನ್ನಿ. ಆರಿದ್ರೆ ಆರಿತು ಅಂತ ಕೂಗಿ. ತಕ್ಷಣ ಸ್ವಿಚ್ ತೆಗೀತೀನಿ."

"ಎಂಥ ಮಾತು ಆಡ್ತೀಯೇ!" ಅತ್ತೆ ತಲೆಯೆತ್ತಿ ಶೆಡ್ಡಿನ ಮೇಲಿನ ಕೋಣೆಯ ಕಡೆ ನೋಡಿದರು. ಏಣಿಯಿಂದ ಬಿದ್ದ ಅವರ ಮಗ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಲ್ಲಿ ಮಲಗಿದ್ದ. "ಕಾಯಿಲೆಯವರು ಇರೋ ಮನೇಲಿ ಬಾಯಿಗೆ ಬಂದದ್ದೆಲ್ಲ ಅನ್ನಬಾರದು. ನನಗೆ ಅರ್ಥ ಆಯ್ತು, ನೀನು ನಡಿ."

ಸೊಸೆಗೆ ಅಲ್ಲಿಂದ ಕದಲಲು ಮನಸ್ಸು ಬರಲಿಲ್ಲ. ಬ್ಯಾಟರಿಯಿಂದ ಓಡುವ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗೆ ಹದಿನಾರು ಬ್ಯಾಟರಿ. ಒಂದೊಂದರ ನೆತ್ತಿಯ ಮೇಲೂ ಬೆಂಕಿಪೊಟ್ಟಣದಷ್ಟು ರೆಗ್ಯುಲೇಟರ್, ಅದರಲ್ಲೊಂದು ಸಾಸಿವೆಯಂಥ ದೀಪ, ಪಕ್ಕದಲ್ಲಿ ನಂಬರಿನ ಚೀಟಿ. ಎರಡು ದಿನ ಕೂತು ಎಲ್ಲವನ್ನೂ ಅವಳೇ ಬಿಗಿದಿದ್ದಳು. ಬ್ಯಾಟರಿ ತುಂಬಿದ ಮೇಲೆ ಬರುವ ಹೆಚ್ಚುವರಿ ಕರೆಂಟನ್ನು ರೆಗ್ಯುಲೇಟರ್ ಪಕ್ಕಕ್ಕೆ ತಿರುಗಿಸುತ್ತದೆ, ಮಿಣುಕುತ್ತಿದ್ದ ದೀಪ ಜೋರಾಗುತ್ತದೆ. ದೀಪ ಆರಿತೆಂದರೆ ರೆಗ್ಯುಲೇಟರೇ ಸುಟ್ಟಿತೆಂದು ಅರ್ಥ. ಆಮೇಲೂ ಚಾರ್ಜರ್ ತುರುಕುತ್ತಲೇ ಇರುತ್ತದೆ. ಬ್ಯಾಟರಿ ಉಬ್ಬುತ್ತದೆ, ಉಬ್ಬಿದ್ದು ಹೊತ್ತಿಕೊಳ್ಳುತ್ತದೆ. ಶೆಡ್ಡಿನ ಮೇಲೆ ಮರದ ಹಲಗೆಯ ನೆಲ. ಆ ನೆಲದ ಮೇಲೆ ಎದ್ದು ಓಡಲಾರದ ಗಂಡ.

ವ್ಯಾನನ್ನು ಹೊರಗೆ ಎಳೆದು ಪರೀಕ್ಷೆ ಮಾಡೋಣವೆಂದರೆ ಶೆಡ್ಡಿನಾಚೆ ಏರು, ಚಾರ್ಜಿಲ್ಲದೆ ಅದು ಗೇಣುದ್ದ ಕದಲುವುದಿಲ್ಲ. ನಾಳೆ ಬೆಳಿಗ್ಗೆ ಅವನನ್ನು ಆಸ್ಪತ್ರೆಗೆ ಮಲಗಿಸಿಕೊಂಡು ಹೋಗಬೇಕಾದದ್ದೂ ಅದೇ ವ್ಯಾನಿನಲ್ಲಿ. ಅತ್ತ ದರಿ, ಇತ್ತ ಪುಲಿ. ಗಮನ ಎರಡು ಕಡೆ ಹರಿಯಬಾರದೆಂದು, ದೀಪ ನೋಡುವವರು ಸ್ವಿಚ್ ಮುಟ್ಟಬಾರದು, ಸ್ವಿಚ್ ಹಿಡಿದವರು ದೀಪ ನೋಡಬಾರದು ಎಂಬುದು ಗಂಡ ಮಾಡಿದ ಕಟ್ಟಳೆ. ಯಾವಾಗಲೂ ದೀಪದ ಮುಂದೆ ಅವನು, ಗೋಡೆಯಾಚೆ ಚಾರ್ಜರಿನ ಬಳಿ ಇವಳು. ಈಗ ಅವನ ಸ್ಟೂಲಿನ ಮೇಲೆ ಅತ್ತೆ. ಅಕ್ಕಿಯೊಳಗಿನ ಕಲ್ಲನ್ನು ಮಾರು ದೂರದಿಂದ ಗುರುತಿಸುವ ಕಣ್ಣು ಅವರದು, ಅದೊಂದೇ ಧೈರ್ಯ.

ಅವಳು ಗೋಡೆಯಾಚೆ ಹೋಗಿ ಸ್ವಿಚ್ ಹಾಕಿದಳು. ಚಾರ್ಜರ್ ಗುಂಯ್ ಎಂದಿತು. ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದು ಸ್ವಿಚ್ಚಿನ ಮೇಲೆ.

"ಮೂರು ಜೋರಾಯ್ತು!" ಗೋಡೆಯಾಚೆಯಿಂದ ದನಿ ಬಂತು. ಅವಳು ಮೂರಕ್ಕೆ ಗುರುತು ಹಾಕಿದಳು.

"ಒಂಬತ್ತು ಜೋರಾಯ್ತು! ಅದರ ಹಿಂದೇನೇ ಹದಿಮೂರೂ!"

ಆಮೇಲೆ ತುಂಬ ಹೊತ್ತು ಚಾರ್ಜರಿನ ಗುಂಯ್ ಒಂದೇ.

"ಏಳು ದೊಡ್ಡದಾಯ್ತು!"

ಅವಳು ಏಳಕ್ಕೂ ಗುರುತು ಹಾಕಿ ಉಸಿರು ಬಿಟ್ಟಳು. ಅವಳಿಗೆ ಹೆಚ್ಚು ಭಯವಿದ್ದದ್ದೇ ಏಳರ ಮೇಲೆ. ಅದರ ತಂತಿ ಎರಡು ಸಲ ಬಿಚ್ಚಿ ಬೆಸೆದದ್ದು. "ಪೂರ್ತಿ ದೊಡ್ಡದಾಯ್ತಾ ಅತ್ತೆ?"

"ಪೂರ್ತಿ ದೊಡ್ಡದಾಯ್ತಮ್ಮ." ದನಿ ಯಾಕೋ ಇಳಿದಿತ್ತು.

"ಒಳ್ಳೇದಾಯ್ತು! ಉಳಿದದ್ದು ನೋಡ್ತಾ ಇರಿ."

"ನೋಡ್ತಾ ಇರೋದಾ?" ಅತ್ತೆ ಬೆರಗಾದರು. "ನೀನೇನೂ ಮಾಡಲ್ವೇನೇ?"

ಪೆನ್ಸಿಲ್ ನಿಂತಿತು. ಇಷ್ಟು ಹೊತ್ತೂ ಜೋರಾಯ್ತು, ಜೋರಾಯ್ತು ಎನ್ನುತ್ತಿದ್ದವರು ಇದೊಂದಕ್ಕೆ ಯಾಕೆ ದೊಡ್ಡದಾಯ್ತು ಎಂದರು? ಹೋದ ವಾರ ಅತ್ತೆ "ಅಕ್ಕಿ ಹೆಚ್ಚಿದೆ" ಎಂದಾಗ ಅವಳು ಖುಷಿಯಾಗಿ ಅಕ್ಕಿ ಕೊಳ್ಳದೆ ಪೇಟೆಯಿಂದ ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಡಬ್ಬಿ ತೆರೆದರೆ ತಳ ಕಾಣುತ್ತಿತ್ತು. ಅವಳ ಬಳೆ ಒಡೆದ ದಿನ ಅತ್ತೆಯ ಬಾಯಲ್ಲಿ ಅದು "ಹೆಚ್ಚಿತು". ಇವರ ಬಾಯಲ್ಲಿ ಯಾವುದೂ ಮುಗಿಯುವುದಿಲ್ಲ, ಒಡೆಯುವುದಿಲ್ಲ. ದಿನಾ ಮಲಗುವಾಗ ಅವರು ಹೇಳುವ ಮಾತು: "ದೀಪ ದೊಡ್ಡದು ಮಾಡಿ ಬಿಡೇ." ಎಂದರೆ, ಆರಿಸು.

ಅವಳು ಸ್ವಿಚ್ ಎಳೆದ ರಭಸಕ್ಕೆ ಬೆರಳ ಗೆಣ್ಣಿನ ಚರ್ಮ ಕಿತ್ತು ಬಂತು. ಓಡಿ ಬಂದು ನೋಡಿದರೆ ಹದಿನೈದು ದೀಪಗಳ ನಡುವೆ ಏಳನೆಯದು ಕಪ್ಪಗೆ ಕೂತಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬ್ಯಾಟರಿಯ ಹೊಟ್ಟೆ ಒಂದಿಷ್ಟು ಮುಂದೆ ಬಂದಿತ್ತು, ಅಷ್ಟೇ. ಬಿರಿದಿರಲಿಲ್ಲ.

"ಆರಿತು ಅನ್ನೋಕೆ ಏನಾಗಿತ್ತು ನಿಮಗೆ?" ಅವಳು ಕಿರುಚಿಯೇ ಬಿಟ್ಟಳು. "ಇನ್ನೆರಡು ನಿಮಿಷ ಬಿಟ್ಟಿದ್ರೆ ಮನೆ ಹೊತ್ಕೊಂಡು ಉರೀತಿತ್ತು! ಮೇಲಿರೋರ ಗತಿ ಏನು?"

"ಹೇಳಿದ್ನಲ್ಲೇ, ಎರಡು ಸಲ ಹೇಳಿದೆ." ಅತ್ತೆ ಸ್ಟೂಲಿನ ಅಂಚು ಹಿಡಿದರು. "ಆ ಮಾತು ಹೆಂಗೆ ಅನ್ಲಿ? ಮೇಲೆ ಮಲಗಿರೋನು ನನ್ನ ಮಗ ಕಣೇ."

ಸೊಸೆ ಏಳರ ತಂತಿ ಕಿತ್ತಳು. ಬ್ಯಾಟರಿ ತಣಿದ ಮೇಲೆ ಅದನ್ನು ಬಿಚ್ಚಿ ಹೊರಗೆ ದೂರ ಇಟ್ಟು ಬಂದಳು. ಮೀಸಲಿಟ್ಟಿದ್ದ ಇನ್ನೊಂದನ್ನು ಕೂರಿಸಿ, ಹೊಸ ರೆಗ್ಯುಲೇಟರ್ ಬಿಗಿದು, ತಂತಿಯನ್ನು ಮೂರು ಸಲ ಎಳೆದು ನೋಡಿದಳು. ಅಷ್ಟು ಹೊತ್ತೂ ಅತ್ತೆ ಸ್ಟೂಲು ಬಿಟ್ಟು ಏಳಲಿಲ್ಲ.

"ಮತ್ತೆ ಸ್ವಿಚ್ ಹಾಕ್ತೀನಿ ಅತ್ತೆ. ಈ ಸಲ ಆದ್ರೂ ಆ ಮಾತು ಹೇಳ್ತೀರಾ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. ಮೇಲಿನ ಹಲಗೆಯ ಕಡೆ ನೋಡಿದರು.

"ಹೇಳ್ತೀನಿ," ಎಂದರು ಕೊನೆಗೆ. "ಮೊದ್ಲು ಮೇಲೆ ಹೋಗಿ ಅವನ ಕಿಟಕಿ ಮುಚ್ಚಿ ಬಾ."