ಆರು ಡಿಗ್ರಿಯ ನೀರು

ಹೊರಗೆ ಐವತ್ತೆಂಟು ಡಿಗ್ರಿ ಬಿಸಿಲು; ಈಗೀಗ ಬೇಸಿಗೆಯೆಂದರೆ ಹೀಗೇ. ಕಲಬುರಗಿಯ ಆ ಓಣಿಯ ಮನೆಗಳು ತಾಳಿಕೊಂಡಿದ್ದದ್ದು ಓಣಿಗೆಲ್ಲ ಒಂದೇ ಆದ ಚಿಲ್ಲರ್ ಯಂತ್ರ ತಣಿಸಿ ಗೋಡೆಯೊಳಗೆ ಹರಿಸುವ ನೀರಿನಿಂದ. ಯಂತ್ರ ನೋಡಿಕೊಳ್ಳುವ ನೀಲಗಂಗಾಳಿಗೆ ನರ್ಸ್ ಶಾಂತಾಬಾಯಿಯ ಫೋನು ಬಂತು.

“ನಿಮ್ಮ ಓಣಿ ಮೈಮೂನಾಗ ಹೆರಿಗಿ ಬ್ಯಾನಿ ಸುರು ಆಗ್ಯಾವ. ಖೋಲಿ ಕಾದ ಹಂಚಾಗ್ಯದ. ನೀರು ಇನ್ನಾ ತಣ್ಣಗ ಮಾಡವ್ವಾ!”

ಯಂತ್ರ ಆಗಲೇ ಪೂರ್ತಿ ಸಾಮರ್ಥ್ಯದಲ್ಲಿ ಓಡುತ್ತಿತ್ತು. ನೀಲಗಂಗಾ ಮೈಕ್ ಹಿಡಿದು, ಮೈಮೂನಾಳ ಹೆರಿಗೆಯ ವಿಷಯ ತಿಳಿಸಿ, ತಾಳಬಲ್ಲವರು ತಮ್ಮ ಮನೆಯ ವಾಲ್ವ್ ಮುಚ್ಚಬೇಕೆಂದು ಕೇಳಿಕೊಂಡಳು. ಪರದೆಯ ಮೇಲೆ ಯಂತ್ರದ ಹೊರೆ ಇಳಿಯತೊಡಗಿತು: ಶೇಕಡಾ ತೊಂಬತ್ತು, ಎಪ್ಪತ್ತು, ನಲವತ್ತು. ಹೀಗೆ ಉಳಿದ ಸಾಮರ್ಥ್ಯದಿಂದ ಅವಳು ನೀರಿನ ಉಷ್ಣತೆಯನ್ನು ಹನ್ನೆರಡು ಡಿಗ್ರಿಯಿಂದ ಆರಕ್ಕೆ ಇಳಿಸಿದಳು.

ಮಧ್ಯಾಹ್ನ ಮೂರು ಗಂಟೆಗೆ ಫೋನಿನಲ್ಲಿ ಕೂಸಿನ ಅಳು ಕೇಳಿಸಿತು. “ಹೆಣ್ಣು. ಇಬ್ಬರೂ ಆರಾಮ ಅದಾರ,” ಎಂದಳು ಶಾಂತಾಬಾಯಿ.

“ಹೆಣ್ಣು ಕೂಸು ಹುಟ್ಯದ. ನಿಮ್ಮ ಉಪಕಾರ ಮರಿಯಂಗಿಲ್ಲ. ಇನ್ನ ವಾಲ್ವ್ ತೆಗೀರಿ,” ಎಂದು ನೀಲಗಂಗಾ ಮೈಕಿನಲ್ಲಿ ಹೇಳಿದಳು.

ಬಾಣಂತಿಗೂ ಕೂಸಿಗೂ ತಂಪಿರಲೆಂದು, ಹೊತ್ತು ಇಳಿಯುವವರೆಗೂ ಯಾರೂ ತೆಗೆಯಲಿಲ್ಲ.